ಬಾಗಿಲ ಹಿಂದೆ ಉಳಿದವರು

ಪ್ಲೇಗಿನ ಕಾಲದಲ್ಲಿ ನಮ್ಮ ಹಳ್ಳಿಗಳು ಹೇಗೆ ಬರಿದಾಗುತ್ತಿದ್ದುವೆಂಬ ಕಥೆಯನ್ನು ಹಿರಿಯರ ಬಾಯಿಂದ ಕೇಳದ ಮನೆಗಳು ಹಳೆಯ ಮೈಸೂರು ಸೀಮೆಯಲ್ಲಿ ಕಡಿಮೆ. ೧೮೯೮ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಆ ಮಾರಿ ಮುಂದೆ ಬಹುಕಾಲ ಊರಿಂದೂರಿಗೆ ಅಲೆಯಿತು. ಅಟ್ಟದಿಂದ ಇಲಿ ಬಿದ್ದಿತೆಂದರೆ ಸಾಕು, ಜನ ಪಾತ್ರೆಪಡಗ, ದನಕರು, ಕಾಳುಕಡ್ಡಿಗಳೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆ ಗುಡಿಸಲುಗಳ ಬಾಳು ಸುಖದ್ದಾಗಿತ್ತೆಂದು ಯಾರೂ ಹೇಳಲಾರರು. ಆದರೆ ಹೊರಟರೆ ಊರಿಗೆ ಊರೇ ಹೊರಡುತ್ತಿತ್ತು. ಗಟ್ಟಿಮುಟ್ಟಾದವರು ಮನೆಯಲ್ಲೇ ಉಳಿದು, ಮುದುಕರನ್ನೂ ಅಶಕ್ತರನ್ನೂ ಮಾತ್ರ ಹೊಲಕ್ಕೆ ಅಟ್ಟುವ ಏರ್ಪಾಡು ಅಂದಿನವರಿಗೆ ಹೊಳೆದಂತೆ ಕಾಣದು.

ಅದು ಹೊಳೆದದ್ದು ನಮ್ಮ ಕಾಲಕ್ಕೆ, ಕೊರೋನಾ ಬಂದಾಗ. ೨೦೨೦ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ ಮಾರ್ಟಿನ್ ಕುಲ್ಡಾರ್ಫ್, ಸುನೇತ್ರಾ ಗುಪ್ತಾ, ಜಯ್ ಭಟ್ಟಾಚಾರ್ಯ ಎಂಬ ಮೂವರು ವಿದ್ವಾಂಸರು ಸೇರಿ ಒಂದು ಘೋಷಣೆಯನ್ನು ಹೊರಡಿಸಿದರು. ಸಾವಿನ ಭಯ ಹೆಚ್ಚಾಗಿರುವವರನ್ನು ಪ್ರತ್ಯೇಕವಾಗಿ ಕಾಪಾಡೋಣ, ಉಳಿದವರು ಎಂದಿನಂತೆ ಬಾಳಲಿ ಎಂಬುದು ಅದರ ತಾತ್ಪರ್ಯ. ಈ ಮಾತು ಕ್ರೌರ್ಯದಿಂದ ಹುಟ್ಟಿದ್ದೆಂದು ಹೇಳುವುದು ಅನ್ಯಾಯವಾದೀತು. ಶಾಲೆ ಮುಚ್ಚಿದಾಗ ಬಡ ಮಕ್ಕಳು ಏನಾದರು, ಕೆಲಸ ನಿಂತಾಗ ಕೂಲಿಕಾರರು ಹೇಗೆ ನೂರಾರು ಮೈಲಿ ನಡೆದು ಊರು ಸೇರಿದರು ಎಂಬುದನ್ನು ನಾವು ಕಣ್ಣಾರೆ ಕಂಡವರು. ಆ ನೋವು ಘೋಷಣೆಯ ಕರ್ತೃಗಳಿಗೂ ಕಂಡಿತ್ತು. ಕಾಣದೆ ಹೋದದ್ದು ಬೇರೆಯದು.

ಅದೇನೆಂಬುದು ತಿಳಿಯಬೇಕಾದರೆ ಸ್ವೀಡನ್ನಿನ ಕಡೆಗೆ ನೋಡಬೇಕು. ಈ ಘೋಷಣೆಗಿಂತ ಮೊದಲೇ, ೨೦೨೦ರ ವಸಂತದಲ್ಲಿ, ಆ ದೇಶ ತನ್ನದೇ ದಾರಿ ಹಿಡಿದಿತ್ತು. ಕಿರಿಯ ಮಕ್ಕಳ ಶಾಲೆಗಳು ತೆರೆದಿದ್ದುವು. ಉಪಾಹಾರ ಗೃಹಗಳೂ ತೆರೆದಿದ್ದುವು. ಎಪ್ಪತ್ತು ದಾಟಿದವರು ಇತರರ ಸಂಪರ್ಕವನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕೆಂದು ಸರ್ಕಾರ ಸಲಹೆ ಕೊಟ್ಟಿತು. ಏಪ್ರಿಲ್ ಒಂದರಿಂದ ವೃದ್ಧರ ವಸತಿಗೃಹಗಳಿಗೆ ಹೊರಗಿನವರು ಬರುವುದನ್ನು ದೇಶದಾದ್ಯಂತ ನಿಷೇಧಿಸಲಾಯಿತು. ಮಕ್ಕಳು ಮೊಮ್ಮಕ್ಕಳು ಕಿಟಕಿಯ ಆಚೆಯಿಂದ ಕೈಬೀಸುವ ಸ್ಥಿತಿ ಬಂತು. ಅಕ್ಟೋಬರ್ ಮೊದಲ ದಿನದವರೆಗೆ, ಆರು ತಿಂಗಳು, ಈ ನಿಷೇಧ ನಡೆಯಿತು. ಎಂಬತ್ತೈದು ವರ್ಷದವರ ಬಾಳಿನಲ್ಲಿ ಆರು ತಿಂಗಳೆಂದರೆ ಎಷ್ಟು ದೊಡ್ಡ ಪಾಲೆಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು.

ಇಷ್ಟೆಲ್ಲ ಮಾಡಿಯೂ ರೋಗ ಒಳಕ್ಕೆ ಹೋಯಿತು. ಹೋಗದೆ ಇರುವುದು ಹೇಗೆ? ಮಗಳಿಗೆ ಮುಚ್ಚಿದ ಬಾಗಿಲು ಸ್ನಾನ ಮಾಡಿಸುವವಳಿಗೆ, ಊಟ ಕೊಡುವವಳಿಗೆ, ಹಾಸಿಗೆ ಬದಲಿಸುವವಳಿಗೆ ತೆರೆದೇ ಇರಬೇಕಲ್ಲ. ಅವರಲ್ಲಿ ಅನೇಕರು ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವ, ಕಾಯಂ ಅಲ್ಲದ ಕೆಲಸಗಾರರು. ಅವರು ಬರುತ್ತಿದ್ದುದು ರೋಗ ಹರಡಿದ್ದ ಅದೇ ಊರಿನಿಂದ, ಅದೇ ಬಸ್ಸುಗಳಲ್ಲಿ. ಸೋಂಕು ತಗುಲಿದ ವೃದ್ಧರಲ್ಲಿ ಹಲವರನ್ನು ವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸಿರಲೇ ಇಲ್ಲವೆಂಬುದು ಆ ದೇಶದ ಮೇಲ್ವಿಚಾರಣೆಯ ಇಲಾಖೆಗೇ ಕಂಡುಬಂತು. ಸರ್ಕಾರ ನೇಮಿಸಿದ ವಿಚಾರಣಾ ಆಯೋಗ ೨೦೨೦ರ ಡಿಸೆಂಬರಿನಲ್ಲಿ ತನ್ನ ಮೊದಲ ವರದಿಯನ್ನು ಕೊಟ್ಟಿತು. ವೃದ್ಧರನ್ನು ಕಾಪಾಡುವುದರಲ್ಲಿ ದೇಶ ಸೋತಿತೆಂದು ಅದು ಮುಚ್ಚುಮರೆಯಿಲ್ಲದೆ ಹೇಳಿತು. ವಸತಿಗೃಹಗಳ ಕೊರತೆಗಳನ್ನೆಲ್ಲ ಪಟ್ಟಿಮಾಡಿದ ಮೇಲೂ, ಅಲ್ಲಿನ ಸಾವುಗಳಿಗೆ ಎಲ್ಲಕ್ಕಿಂತ ಮುಖ್ಯ ಕಾರಣ ಒಟ್ಟು ಸಮಾಜದಲ್ಲಿ ರೋಗ ಹರಡಿದ್ದೇ ಎಂದಿತು. ಆ ತಿಂಗಳು ಸ್ವೀಡನ್ನಿನ ದೊರೆಯೂ ತಾವು ಸೋತೆವೆಂದು ಬಹಿರಂಗವಾಗಿ ಒಪ್ಪಿಕೊಂಡರು.

ಇನ್ನೊಂದು ಮಾತನ್ನೂ ಹೇಳದಿದ್ದರೆ ತಕ್ಕಡಿ ಒಂದು ಕಡೆಗೆ ವಾಲೀತು. ಮುಂದಿನ ವರ್ಷಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಸ್ವೀಡನ್ನಿನ ಹೆಚ್ಚುವರಿ ಸಾವುಗಳು ಯೂರೋಪಿನ ಅನೇಕ ದೇಶಗಳಿಗಿಂತ ಕಡಿಮೆ. ಇರಬಹುದು. ಆದರೆ ಸರಾಸರಿ ಎಂಬುದು ಬದುಕುಳಿದವರ ಸಮಾಧಾನ. ವಸತಿಗೃಹದಲ್ಲಿ ಮಕ್ಕಳ ಮುಖ ಕಾಣದೆ ಕಣ್ಣು ಮುಚ್ಚಿದವರು ಆ ಸರಾಸರಿಗೆ ಏನು ತೆತ್ತರೆಂಬುದು ಯಾವ ಕೋಷ್ಟಕದಲ್ಲೂ ಬರದು. ಕಾಪಾಡುವ ಹೊರೆಯನ್ನೆಲ್ಲ ಕಾಪಾಡಿಸಿಕೊಳ್ಳುವವರ ತಲೆಯ ಮೇಲೆಯೇ ಹೊರಿಸಿ ಅದನ್ನು ರಕ್ಷಣೆಯೆಂದು ಕರೆದದ್ದೇ ನನಗೆ ಸರಿಕಾಣದ ಸಂಗತಿ.

ಲಸಿಕೆ ಬಂದ ಮೇಲೆ ಈ ಚರ್ಚೆ ಮುಗಿಯಿತೆಂದು ನಾವು ಬಗೆದೆವು. ಬಹುಪಾಲು ಜನಕ್ಕೆ ಮುಗಿದದ್ದೂ ನಿಜ. ವಿಶ್ವ ಆರೋಗ್ಯ ಸಂಸ್ಥೆ ೨೦೨೩ರ ಮೇ ೫ರಂದು ತುರ್ತಿನ ಕಾಲ ಕಳೆಯಿತೆಂದು ಸಾರಿತು. ಆದರೆ ಬೇರೊಬ್ಬರ ಮೂತ್ರಪಿಂಡವನ್ನು ಕಸಿಮಾಡಿಸಿಕೊಂಡವರ ಪಾಡು ಬೇರೆ. ದೇಹವು ಆ ಅಂಗವನ್ನು ಪರಕೀಯವೆಂದು ಹೊರದೂಡದಂತೆ ಅವರು ಜೀವಮಾನವಿಡೀ ಔಷಧ ಸೇವಿಸಬೇಕು; ಅಂಗವನ್ನು ಉಳಿಸುವ ಆ ಔಷಧವೇ ಲಸಿಕೆಯ ಬಲವನ್ನು ಕುಂದಿಸುತ್ತದೆ. ಅಮೆರಿಕದಲ್ಲಿ ಹೀಗೆ ಅಂಗ ಕಸಿಯಾದ ೬೫೮ ಮಂದಿಯನ್ನು ೨೦೨೧ರಲ್ಲಿ ಪರೀಕ್ಷಿಸಿದಾಗ, ಎರಡು ಚುಚ್ಚುಮದ್ದಾದ ಮೇಲೂ ನೂರಕ್ಕೆ ೪೬ ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ಕಾಣಲಿಲ್ಲ. ಇಂಥವರಿಗಾಗಿಯೇ ಬಂದ ಎವುಶೆಲ್ಡ್ ಎಂಬ ಔಷಧಕ್ಕೆ ಅಲ್ಲಿ ೨೦೨೧ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ವೈರಾಣು ರೂಪ ಬದಲಿಸಿಕೊಂಡು ಅದನ್ನೂ ಮೀರಿದ್ದರಿಂದ ೨೦೨೩ರ ಜನವರಿಯಲ್ಲಿ ಅದರ ಬಳಕೆ ನಿಂತಿತು.

ನನ್ನ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು ಹೀಗೆ ಹೆಂಡತಿಯ ಮೂತ್ರಪಿಂಡದಿಂದ ಬದುಕಿರುವವರು. ನಮ್ಮ ಬಡಾವಣೆಯ ವಾರದ ಸಾಹಿತ್ಯಗೋಷ್ಠಿಗೆ ಅವರು ಮುಖಗವಸು ತೊಟ್ಟು ಬಂದು ಕಿಟಕಿಯ ಪಕ್ಕದಲ್ಲಿ ಕೂರುತ್ತಿದ್ದರು. “ಮೇಷ್ಟ್ರೇ, ಇನ್ನೂ ಅದನ್ನು ಬಿಟ್ಟಿಲ್ಲವೆ?” ಎಂದು ನಾನೂ ಒಮ್ಮೆ ನಕ್ಕದ್ದುಂಟು. “ನಿಮಗೆ ಬಿಡುವಷ್ಟು ಅನುಕೂಲ ಇದೆಯಪ್ಪ” ಎಂದಷ್ಟೆ ಹೇಳಿ ಪುಸ್ತಕ ತೆರೆದರು.

ಆಮೇಲೆ ನಾವು ಗೋಷ್ಠಿಯನ್ನು ಕೋಣೆಯಿಂದ ಜಗಲಿಗೆ ತಂದೆವು. ನೆಗಡಿ ಕೆಮ್ಮು ಇದ್ದವರು ಆ ವಾರ ಬರುವುದು ಬೇಡವೆಂದು ಮಾತಾಯಿತು. ಅದಕ್ಕಾಗಿ ಯಾರಿಗೂ ಖರ್ಚು ತಗಲಲಿಲ್ಲ. ಬೀದಿಯ ಸದ್ದಿಗೆ ಪದ್ಯ ಸರಿಯಾಗಿ ಕೇಳುವುದಿಲ್ಲವೆಂದು ಒಬ್ಬಿಬ್ಬರು ಗೊಣಗಿದರು, ಅಷ್ಟೆ. ಮೇಷ್ಟ್ರು ಮೊದಲ ಸಾಲಿನಲ್ಲಿ ಕುಳಿತು ಎರಡು ವಾರ ಕುಮಾರವ್ಯಾಸನನ್ನು ಓದಿದರು.

ಮೂರನೆಯ ವಾರ ಜೋರು ಮಳೆ. ನಾವು ಕುರ್ಚಿಗಳನ್ನು ಒಳಕ್ಕೆ ಎಳೆದುಕೊಂಡು, ಎರಚಲು ಬಡಿಯದಿರಲೆಂದು ಕಿಟಕಿಗಳನ್ನು ಮುಚ್ಚಿದೆವು. ಅವರು ಛತ್ರಿ ಹಿಡಿದು ಬಾಗಿಲವರೆಗೆ ಬಂದರು. ಒಳಗೊಮ್ಮೆ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿದರು.