ಕೊಟೇಶನ್ ಇಲ್ಲದೆ ಜಪಾನಿಗೆ ಯಾಕೆ ಹೋಗಬೇಕು?

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಗೆ ಭೂಕಂಪ, ಸುನಾಮಿ ಬಡಿದಾಗ ಪೆಟ್ಟು ನಮ್ಮ ಬಿಡದಿಗೂ ಬಿತ್ತು. ಬಿಡಿಭಾಗಗಳ ಕೊರತೆಯಾಗಿ ಟೊಯೊಟಾ ಕಿರ್ಲೋಸ್ಕರ್ ಏಪ್ರಿಲ್ ಕೊನೆಯಿಂದ ಜೂನ್ ಆರಂಭದವರೆಗೆ ಉತ್ಪಾದನೆ ಕಡಿತ ಮಾಡಬೇಕಾಯ್ತು. ಇಂಥ ಹೊತ್ತಲ್ಲಿ ಯಾರೇ ಫೋನ್ ಮಾಡಿದರೂ ಮೊದಲು ಬಾಯಿಗೆ ಬರೋದು ಒಂದೇ ಪ್ರಶ್ನೆ: ‘ನಮ್ಮ ಮಾಲು ಯಾವಾಗ ಬರುತ್ತೆ?’ ಕೇಳೋದು ತಪ್ಪಲ್ಲ. ಆದರೆ ಜಪಾನಿನವರು ನೆನಪಿಟ್ಟುಕೊಳ್ಳೋದು ಆಮೇಲೆ ಬಾಗಿಲಿಗೆ ಬಂದು ನಿಂತವರನ್ನ.

ಇದಕ್ಕೆ ಅವರಲ್ಲಿ ‘ಒಮಿಮಾಯಿ’ ಅಂತಾರೆ. ಕಾಯಿಲೆ ಬಿದ್ದವರನ್ನು, ಬೆಂಕಿ-ಭೂಕಂಪಕ್ಕೆ ಸಿಕ್ಕವರನ್ನು ಕಂಡು ಬರೋದು. ನಮ್ಮ ಹೊಳಲು ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸಾವಾದ ಮನೆಗೆ ಹೋಗಿ ‘ಮಾತಾಡಿಸ್ಕೊಂಡು ಬರೋದು’ ಇದೆಯಲ್ಲ, ಹೆಚ್ಚೂಕಡಿಮೆ ಅದೇ. ಅಲ್ಲಿ ಕೂತು ಕೊಟ್ಟ ಸಾಲದ ಮಾತು ಯಾರೂ ತೆಗೆಯಲ್ಲ. ಹೋಗದಿದ್ದರೆ ಮಾತ್ರ ವರ್ಷಗಟ್ಟಲೆ ಲೆಕ್ಕದಲ್ಲಿರುತ್ತೆ.

ಇದು ಬರೀ ಸೌಜನ್ಯ ಅಂದ್ಕೋಬೇಡಿ. ಕಾರುಗಳಿಗೆ ಮೈಕ್ರೋಕಂಟ್ರೋಲರ್ ಚಿಪ್ ಮಾಡುವ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆ ಇಬರಾಕಿ ಪ್ರಾಂತ್ಯದಲ್ಲಿದೆ. ಅದೇ ಭೂಕಂಪಕ್ಕೆ ಅದು ಪೂರ್ತಿ ನಿಂತುಹೋಯ್ತು. ಕಾರು ಕಂಪನಿಗಳು ನೋಟಿಸ್ ಕಳಿಸಲಿಲ್ಲ, ತಮ್ಮ ಜನರನ್ನ ಕಳಿಸಿದವು. ಒಂದು ಹಂತದಲ್ಲಿ ದಿನಕ್ಕೆ 2,500ರಷ್ಟು ಹೊರಗಿನವರು ಅಲ್ಲಿ ಕೆಲಸ ಮಾಡ್ತಿದ್ದರು. ಮಾರುಕಟ್ಟೆಯಲ್ಲಿ ಪರಸ್ಪರ ಕಚ್ಚಾಡುವ ಟೊಯೊಟಾ, ನಿಸಾನ್ ಕಡೆಯವರು ಒಂದೇ ಸೂರಿನಡಿ! ಜುಲೈಗೆ ಅಂದುಕೊಂಡಿದ್ದ ಉತ್ಪಾದನೆ ಜೂನ್ 1ಕ್ಕೇ ಶುರುವಾಯ್ತು. ಟೊಯೊಟಾ ತನ್ನ ಎಂಜಿನಿಯರುಗಳಿಗೆ ಕಲಿಸೋ ‘ಗೆಂಚಿ ಗೆಂಬುತ್ಸು’, ಅಂದರೆ ಜಾಗಕ್ಕೇ ಹೋಗಿ ಕಣ್ಣಾರೆ ನೋಡು ಅನ್ನೋ ಪಾಠವೂ ಇದೇ ಕಡೆಗೆ ಕೈ ತೋರಿಸುತ್ತೆ. ವರದಿ ಓದಿ ಗೊತ್ತಾಗೋದು ಬೇರೆ, ಬಿರುಕು ಬಿಟ್ಟ ಗೋಡೆ ಮುಂದೆ ನಿಂತಾಗ ಗೊತ್ತಾಗೋದು ಬೇರೆ.

ಫುಕುಶಿಮಾ ಅಣುಸ್ಥಾವರದ ಭಯಕ್ಕೆ ಆಗ ಎಷ್ಟೋ ವಿದೇಶಿಯರು ಜಪಾನ್ ಬಿಟ್ಟು ಹೊರಟಿದ್ದರು. ಅದೇ ಹೊತ್ತಿಗೆ ಭಾರತದ ಎನ್‌ಡಿಆರ್‌ಎಫ್‌ನ 46 ಮಂದಿ ಒನಗಾವಾ ಊರಿಗೆ ಹೋಗಿ ಅವಶೇಷಗಳಲ್ಲಿ ಶೋಧ ನಡೆಸಿದರು. ವಿದೇಶದಲ್ಲಿ ಅದು ಆ ಪಡೆಯ ಮೊದಲ ಕಾರ್ಯಾಚರಣೆ. ಎಲ್ಲರೂ ಹೊರಡುವಾಗ ಒಳಬಂದವರಿಗೆ ಇರುವ ತೂಕವೇ ಬೇರೆ.

ಹಾಗಂತ ಮರುದಿನವೇ ವಿಮಾನ ಹತ್ತಬಾರದು. ನೀರು, ಕರೆಂಟು ಇಲ್ಲದ ಊರಿಗೆ ಅತಿಥಿ ಅಂದರೆ ಹೊರೆ. ಮೊದಲು ಒಂದು ಚಿಕ್ಕ ಪತ್ರ, ಅದರಲ್ಲಿ ಆರ್ಡರ್ ಸುದ್ದಿ ಬೇಡ. ಅವರು ಬನ್ನಿ ಅಂದಾಗ ಹೋಗಿ, ಬೇಗ ಎದ್ದು ಬನ್ನಿ. ಬ್ಯಾಗಲ್ಲಿ ಕೊಟೇಶನ್ ಇದ್ದರೆ ಹೊರಗೆ ತೆಗೀಬೇಡಿ. ಸಾಧ್ಯವಾದರೆ ದಿನವೂ ಅವರ ಜೊತೆ ಮೇಲ್‌ನಲ್ಲಿ ಮಾತಾಡುವ ಎಂಜಿನಿಯರನ್ನೇ ಕರ್ಕೊಂಡು ಹೋಗಿ. ಬರೀ ಎಂಡಿ ಹೋದರೆ ಅದು ಸಮಾರಂಭ ಆಗಿಬಿಡುತ್ತೆ.

ನಮ್ಮ ಸರ್ಕಾರಗಳಿಗೆ ಗೊತ್ತಿರೋದು ಇನ್ನೊಂದು ಥರದ ಭೇಟಿ. 2024ರ ಜೂನ್‌ನಲ್ಲಿ ಕೈಗಾರಿಕಾ ಸಚಿವ ಎಂ.ಬಿ. ಪಾಟೀಲ್ ನೇತೃತ್ವದ ನಿಯೋಗ ಜಪಾನಿಗೆ ಹೋಗಿತ್ತು. ಅದಕ್ಕೂ ಮೊದಲು, 2023ರ ನವೆಂಬರ್‌ನಲ್ಲಿ, ಬಿಡದಿಯ ಹೊಸ ಘಟಕಕ್ಕೆ ಟೊಯೊಟಾ ಸುಮಾರು 3,300 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತ್ತು. ಇಂಥ ಭೇಟಿ, ಸಹಿ ಬೇಕು, ಇಲ್ಲ ಅನ್ನಲ್ಲ. ಆದರೆ ಟೊಯೊಟಾದಂಥ ದೊಡ್ಡ ಕಂಪನಿಗೆ ಸಂಬಂಧ ಉಳಿಸಿಕೊಳ್ಳೋಕೆ ನೂರು ದಾರಿ. ಪೀಣ್ಯದಲ್ಲಿ ಮೂವತ್ತು ಜನರನ್ನ ಇಟ್ಟುಕೊಂಡು ಯೂನಿಟ್ ನಡೆಸುವವರಿಗೆ ಜಪಾನಿನ ವೀಸಾ, ಟಿಕೆಟ್, ದುಭಾಷಿ ಎಲ್ಲ ಸೇರಿದರೆ ಒಂದು ತಿಂಗಳ ಲಾಭವೇ ಹೋಗಬಹುದು. ಮುಂದಿನ ಭೂಕಂಪ ಆದಾಗ ಹೋಗಲೇಬೇಕಾದವರು ಇವರೇ. ನಿಯೋಗದ ಬಜೆಟ್‌ನಲ್ಲಿ ಇವರಿಗೂ ನಾಲ್ಕು ಸೀಟು ಇಡೋಕೆ ಯಾವ ಒಡಂಬಡಿಕೆಯೂ ಬೇಕಿಲ್ಲ.