ರೋಗಾಣುವಿನ ವಂಶಾವಳಿ

ಊರಿಗೆ ಸಾಂಕ್ರಾಮಿಕ ಬೇನೆ ತಗುಲಿದಾಗ ಜನರು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಎಲ್ಲಿಂದ ಬಂತು? ಹಿಂದೆ ಇದಕ್ಕೆ ಊಹೆಯೇ ಉತ್ತರವಾಗಿತ್ತು. ಯಾತ್ರಿಕರು ತಂದರೆಂದು ಒಬ್ಬರು, ಕೆಟ್ಟ ಗಾಳಿಯೇ ಕಾರಣವೆಂದು ಇನ್ನೊಬ್ಬರು ಹೇಳುತ್ತಿದ್ದರು. ಇಂದು ಈ ಪ್ರಶ್ನೆಯನ್ನು ರೋಗಾಣುವಿಗೇ ಕೇಳಬಹುದಾಗಿದೆ. ಅದು ಉತ್ತರ ಕೊಡುವ ಬಗೆಯನ್ನು ಹೈಟಿ ದೇಶದ ನಿದರ್ಶನದಿಂದ ತಿಳಿಯೋಣ.

ಹೈಟಿ ಕೆರಿಬಿಯನ್ ಸಮುದ್ರದ ಒಂದು ಬಡ ರಾಷ್ಟ್ರ. 2010ರ ಜನವರಿ 12ರಂದು ಅಲ್ಲಿ ಭೀಕರ ಭೂಕಂಪವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆರ್ತಿಬೊನಿತ್ ನದಿಯ ನೀರನ್ನು ಕುಡಿದವರು ಕಾಲರಾದಿಂದ ಸಾಯತೊಡಗಿದರು. ಹಿಂದಿನ ನೂರು ವರ್ಷಗಳಲ್ಲಿ ಆ ದೇಶದಲ್ಲಿ ಕಾಲರಾ ಕಂಡುಬಂದ ದಾಖಲೆಯಿರಲಿಲ್ಲ. ಕರಾವಳಿಯ ನೀರಿನಲ್ಲಿ ಮೊದಲೇ ಇದ್ದ ರೋಗಾಣು ಹವೆಯ ಅನುಕೂಲದಿಂದ ಹೆಚ್ಚಿತೆಂದು ಕೆಲವು ವಿಜ್ಞಾನಿಗಳ ಮತ. ನದಿಯ ಮೇಲ್ಭಾಗದಲ್ಲಿ, ಮಿರ್ಬಾಲೆಯ ಬಳಿ ಬೀಡುಬಿಟ್ಟಿದ್ದ ವಿಶ್ವಸಂಸ್ಥೆಯ ನೇಪಾಳಿ ಶಾಂತಿಪಡೆಯ ಶಿಬಿರದಿಂದ ಹೊಲಸು ನೀರಿಗೆ ಸೇರಿತೆಂದು ಜನರ ದೂರು. ಮಕ್ಕಳನ್ನು ಕಳೆದುಕೊಂಡವರಿಗೆ ಇದು ಪಂಡಿತರ ಚರ್ಚೆಯಲ್ಲ. ಹೊಣೆ ಯಾರದೆಂಬ ನ್ಯಾಯದ ಪ್ರಶ್ನೆ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ದೇಶದ ಕಾಲರಾ ರೋಗಾಣುಗಳೂ ಬಾಗಿದ ಕಡ್ಡಿಗಳೇ. ಭೇದವಿರುವುದು ಡಿ.ಎನ್.ಎ. ಎಂಬ ನೂಲಿನಲ್ಲಿ. ಅದು ನಾಲ್ಕೇ ಅಕ್ಷರಗಳ ಲಿಪಿ. ಒಂದು ಕಾಲರಾ ರೋಗಾಣುವಿನಲ್ಲಿ ಇಂಥ ಸುಮಾರು 40 ಲಕ್ಷ ಅಕ್ಷರಗಳಿವೆ.

ಇದನ್ನು ಹೋಲಿಸುವ ಒಂದು ವಿಧಾನ ಭೌತವಿಜ್ಞಾನವನ್ನು ಬೋಧಿಸುವ ನಮಗೆ ಬಲು ಪ್ರಿಯವಾದುದು. ನಿರ್ದಿಷ್ಟ ಅಕ್ಷರಸರಣಿ ಕಂಡಲ್ಲೆಲ್ಲ ಕತ್ತರಿಸುವ ಕಿಣ್ವದಿಂದ ಮೊದಲು ನೂಲನ್ನು ತುಂಡುಮಾಡುತ್ತಾರೆ. ಡಿ.ಎನ್.ಎ.ಗೆ ಋಣ ವಿದ್ಯುದಾವೇಶವಿರುವುದರಿಂದ, ಲೋಳೆಯಂಥ ಪದರದಲ್ಲಿಟ್ಟು ವಿದ್ಯುತ್ ಹಾಯಿಸಿದರೆ ತುಂಡುಗಳು ಧನಧ್ರುವದ ಕಡೆಗೆ ಹರಿಯುತ್ತವೆ. ಚಿಕ್ಕವು ಮುಂದೆ, ದೊಡ್ಡವು ಹಿಂದೆ. ಆದರೆ ಬಹಳ ಉದ್ದದ ತುಂಡುಗಳು ಹಾವಿನಂತೆ ನುಸುಳುತ್ತ ಎಲ್ಲವೂ ಒಂದೇ ವೇಗದಲ್ಲಿ ಸಾಗುತ್ತವೆ, ಬೇರ್ಪಡುವುದಿಲ್ಲ. 1984ರಲ್ಲಿ ಶ್ವಾರ್ಟ್ಸ್ ಮತ್ತು ಕ್ಯಾಂಟರ್ ಎಂಬವರು ಇದಕ್ಕೆ ಉಪಾಯ ಕಂಡರು: ವಿದ್ಯುತ್ ಕ್ಷೇತ್ರದ ದಿಕ್ಕನ್ನು ಆಗಾಗ ಬದಲಿಸುವುದು. ಉದ್ದದ ತುಂಡಿಗೆ ತಿರುಗಿಕೊಳ್ಳಲು ಹೆಚ್ಚು ಹೊತ್ತು ಬೇಕು. ಆದ್ದರಿಂದ ಅದು ಹಿಂದುಳಿಯುತ್ತದೆ. ಹೀಗೆ ಮೂಡುವ ಪಟ್ಟೆಗಳ ಸಾಲು ಆ ತಳಿಯ ಬೆರಳಚ್ಚಿನಂತೆ. 2010ರ ನವೆಂಬರಿನಲ್ಲಿ ಅಮೆರಿಕದ ತಜ್ಞರು ಈ ವಿಧಾನದಿಂದ ಪರೀಕ್ಷಿಸಿ, ಹೈಟಿಯ ತಳಿಯು ದಕ್ಷಿಣ ಏಷ್ಯದ ತಳಿಗಳನ್ನು ಹೋಲುತ್ತದೆಂದು ತಿಳಿಸಿದರು.

ಆದರೆ ದಕ್ಷಿಣ ಏಷ್ಯ ವಿಶಾಲವಾದುದು. ಪಟ್ಟೆಗಳು ನೂಲು ಎಲ್ಲೆಲ್ಲಿ ತುಂಡಾಯಿತೆಂಬುದನ್ನು ತೋರಿಸುತ್ತವೆಯೇ ಹೊರತು ನಡುವಣ ಅಕ್ಷರಗಳನ್ನಲ್ಲ. ಆದುದರಿಂದ ಇಡೀ ಗ್ರಂಥವನ್ನೇ ಓದಬೇಕಾಯಿತು. ಓಲೆಗರಿಗಳನ್ನು ಸಂಪಾದಿಸುವ ಪಂಡಿತರ ಕ್ರಮ ವಾಚಕರಿಗೆ ತಿಳಿದೇ ಇದೆ. ಎರಡು ಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯವಿದ್ದರೆ ಅವು ಒಂದೇ ಮೂಲದಿಂದ ಇಳಿದುಬಂದವೆಂದು ಅವರು ನಿರ್ಧರಿಸುತ್ತಾರೆ. ರೋಗಾಣುವೂ ಒಂದು ಲಿಪಿಕಾರನೇ. 1961ರಲ್ಲಿ ಆರಂಭವಾದ ಏಳನೆಯ ಜಾಗತಿಕ ಕಾಲರಾ ಹಾವಳಿಯ ತಳಿಯಲ್ಲಿ ವರ್ಷಕ್ಕೆ ಸುಮಾರು ಮೂರು ಅಕ್ಷರಗಳು ಮಾತ್ರ ವ್ಯತ್ಯಾಸವಾಗುತ್ತವೆಂದು ಲೆಕ್ಕಹಾಕಲಾಗಿದೆ.

2011ರಲ್ಲಿ ನೇಪಾಳದ 24 ಮಾದರಿಗಳನ್ನು ಹೈಟಿಯವುಗಳೊಡನೆ ಹೋಲಿಸಿದರು. ಅವುಗಳಲ್ಲಿ ಒಂದು ಗುಂಪಿಗೂ ಹೈಟಿಯ ಮಾದರಿಗಳಿಗೂ ಇದ್ದ ಅಂತರ ಒಂದೆರಡು ಅಕ್ಷರಗಳು ಮಾತ್ರ!

ಇಷ್ಟರಿಂದಲೇ ತೀರ್ಪು ಕೊಡಲಾಗದು. ವಂಶಾವಳಿ ಬಂಧುತ್ವವನ್ನು ಹೇಳುತ್ತದೆ. ಯಾರು ಹೊತ್ತು ತಂದರೆಂಬುದನ್ನು ಹೇಳದು. ಆದರೆ ಆ ವರ್ಷ ನೇಪಾಳದಲ್ಲಿ ಕಾಲರಾ ಇತ್ತು, ಅಕ್ಟೋಬರಿನಲ್ಲಿ ಸೈನಿಕರು ಅಲ್ಲಿಂದ ಬಂದರು, ಮೊದಲ ರೋಗಿಗಳು ಶಿಬಿರದ ಕೆಳಗಣ ನದೀತೀರದವರು. ಕಾಲ, ದೇಶ, ವಂಶ ಮೂರೂ ಒಂದೇ ಕಡೆಗೆ ಬೆರಳು ತೋರಿದಾಗ ಸಂದೇಹಕ್ಕೆ ಎಡೆ ಉಳಿಯಲಿಲ್ಲ. ಸುಮಾರು ಹತ್ತು ಸಾವಿರ ಜನರನ್ನು ಬಲಿತೆಗೆದುಕೊಂಡ ಈ ಹಾವಳಿಗಾಗಿ 2016ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಹೈಟಿಯ ಜನರ ಕ್ಷಮೆ ಯಾಚಿಸಿದರು.

ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಣದಿದ್ದ ಕಾಲರಾ 2022ರಲ್ಲಿ ಹೈಟಿಗೆ ಮತ್ತೆ ಬಂದಿತು. ಅಕ್ಷರಗಳನ್ನು ಓದಿನೋಡಿದಾಗ ಅದು 2010ರ ತಳಿಯ ಸಂತತಿಯೇ ಎಂದು ತಿಳಿದುಬಂತು. ರೋಗಾಣುವಿನ ವಂಶವನ್ನು ಓದಲು ನಾವು ಕಲಿತಿದ್ದೇವೆ. ಆ ವಂಶ ಮುಂದುವರಿಯದಂತೆ ತಡೆಯಲು ಬೇಕಾದುದು ಮಾತ್ರ ಹಳೆಯದೇ, ಎಲ್ಲರಿಗೂ ಶುದ್ಧವಾದ ನೀರು.