ತೊಟ್ಟಿಕ್ಕುವ ನಲ್ಲಿ

ಬಾವಿಯಿಂದ ಕೊಡ ಹೊತ್ತು ತಂದ ನಮ್ಮ ತಾಯಂದಿರಿಗೆ ನೀರಿನ ಹನಿಹನಿಯ ಬೆಲೆಯೂ ತಿಳಿದಿತ್ತು. ಮನೆಯೊಳಗೆ ನಲ್ಲಿ ಬಂದ ಮೇಲೆ ನಾವು ಅದನ್ನು ಮರೆತಿದ್ದೇವೆ. ಬಚ್ಚಲುಮನೆಯ ನಲ್ಲಿ ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿಗಳು. ಅಂದರೆ ಸುಮಾರು 4 ಲೀಟರು ನೀರು ವ್ಯರ್ಥ.

ತಿರುಪಿನ ನಲ್ಲಿಗಳಲ್ಲಿ ದೋಷ ಬಹುಮಟ್ಟಿಗೆ ಒಳಗಿನ ಸವೆದ ವಾಷರಿನದು. ಬಲವಂತವಾಗಿ ಬಿಗಿದರೆ ಅದು ಇನ್ನಷ್ಟು ಹಾಳಾಗುತ್ತದೆ. ತೊಟ್ಟಿಯಿಂದ ಬರುವ ಕೊಳವೆಯ ವಾಲ್ವನ್ನು ಮುಚ್ಚಿ, ಉಳಿದ ನೀರನ್ನು ಹರಿಯಬಿಟ್ಟು, ಸ್ಪ್ಯಾನರಿನಿಂದ ನಲ್ಲಿಯ ಮೇಲ್ಭಾಗವನ್ನು ಬಿಚ್ಚಿ, ಅದೇ ಅಳತೆಯ ಹೊಸ ವಾಷರನ್ನು ಕೂರಿಸಬೇಕು. ಆಗಲೂ ಹನಿ ನಿಲ್ಲದಿದ್ದರೆ ವಾಷರ್ ಕೂರುವ ಜಾಗವೇ ಸವೆದಿರಬಹುದು. ನಲ್ಲಿ ಕೆಲಸದವರನ್ನು ಕರೆಯುವುದು ಲೇಸು.

ಕೆಲವೇ ರೂಪಾಯಿಗಳ ರಬ್ಬರು ಬಿಲ್ಲೆಯೊಂದಕ್ಕೆ ಉದಾಸೀನರಾಗಿ ವಾರಗಟ್ಟಲೆ ನೀರು ಚೆಲ್ಲುವುದು ಗೃಹಸ್ಥರಾದ ನಮಗೆ ಶೋಭಿಸದು.